ಹೀರೇಬೀಜ ಊರಿದ ಕೈ

ಮೊಮ್ಮಕ್ಕಳೇ, ಹೋದ ರಜೆಯಲ್ಲಿ ಹೀರೇಕಾಯಿ ಪಲ್ಯ ತಿನ್ನುತ್ತ, ಈ ಬಳ್ಳಿ ಯಾರು ಹಾಕಿದ್ದು ಎಂದು ನೀವು ಕೇಳಿದಿರಿ. ತೋಟದ್ದು ಎಂದು ಹೇಳಿ, ರೊಟ್ಟಿ ತರುವ ನೆಪದಲ್ಲಿ ಒಳಗೆ ಹೋದೆ. ಬಾಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಸ್ಕಿಯ ನಮ್ಮ ಓಣಿಯ ಹಿಂದೆ, ನೀರಿನ ಟಾಕಿಯ ಪಕ್ಕ, ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಮೊದಲು ಬರೀ ಜಾಲಿ ಇತ್ತು. ಓಣಿಯ ಹತ್ತು ಹೆಂಗಸರು ಸೇರಿ ಅದನ್ನು ಕಡಿದು ತೋಟ ಮಾಡಿದೆವು. ನಿಮ್ಮ ತಾತ ತೀರಿಕೊಂಡು ಒಂದು ವರ್ಷವಾಗಿತ್ತು. ಮನೆಯಿಂದ ಹೊರಬೀಳಲು ನನಗೆ ಅದೊಂದೇ ದಾರಿ. ಪುಂಡಿಪಲ್ಲೆ, ಮೆಂತ್ಯೆ, ಬದನೆ ಏನು ಬಂದರೂ ಹಂಚಿಕೊಳ್ಳುತ್ತಿದ್ದೆವು. ಮೆಂತ್ಯೆ ಮೊಳಕೆ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಹೊತ್ತುಕೊಂಡು ಏಳುವುದನ್ನು ನೋಡಲು ದಿನಾ ಎಲ್ಲರಿಗಿಂತ ಮೊದಲು ಹೋಗುತ್ತಿದ್ದೆ.

ನಮ್ಮ ಕಡೆ ಬಳ್ಳಿಯ ಬೀಜವನ್ನು ಯಾರೆಂದರೆ ಅವರು ಹಾಕುವುದಿಲ್ಲ. ಕೈಗುಣ ಇದ್ದವರನ್ನು ಕರೆಯುತ್ತಾರೆ. ಲಿಂಗಸುಗೂರು ಕಡೆಯ ನನ್ನ ತವರಿನಲ್ಲೂ, ಮದುವೆಯಾಗಿ ಬಂದ ಮೇಲೆ ಇಲ್ಲಿಯೂ, ಕರೆಯುತ್ತಿದ್ದುದು ನನ್ನನ್ನು. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಇದ್ದದ್ದು ಅದೊಂದೇ ಹೆಸರು.

ಮುಂಗಾರಿನ ಮೊದಲಿಗೆ ಮಿರಗದ ಮಳೆ ಬಿದ್ದ ಮೇಲೆ ತವರಿನ ಹೀರೇಬೀಜ ನೆನೆಸಿ, ಬಟ್ಟೆಯಲ್ಲಿ ಕಟ್ಟಿಕೊಂಡು ತೋಟಕ್ಕೆ ಹೋದೆ. ಗಂಟು ಬಿಚ್ಚುವಷ್ಟರಲ್ಲಿ ಓಣಿಯ ಹಿರಿಯಳು ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಈಗ ಮುತ್ತೈದಿ ಕೈಲೆ ಆಗ್ಲಿ ಯವ್ವಾ. ನೀ ಕಸ ತೆಗಿ."

ಉಪ್ಪು ಕೊಡು ಎಂದಷ್ಟೇ ಸಲೀಸಾಗಿ ಹೇಳಿದಳು. ದಢೇಸುಗೂರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದವಳ ಕೈಗೆ ಬೀಜ ಹೋಯಿತು. ಯಾರೂ ನನ್ನ ಮುಖ ನೋಡಲಿಲ್ಲ. ನಾನು ಕಸ ತೆಗೆದೆ.

ಅವಳು ಕಾಲುವೆ ಕೆಳಗಿನ ಭತ್ತದ ಊರಿನವಳು. ಬೀಜ ಊರಿ, ಗದ್ದೆಗೆ ಬಿಟ್ಟಂತೆ ನೀರು ನಿಲ್ಲಿಸಿದಳು. ಕರಿಮಣ್ಣಿನಲ್ಲಿ ಹಾಗೆ ಮಾಡಿದರೆ ಬೀಜ ಕೊಳೆಯುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅವತ್ತು ಬಾಯಿ ಕಟ್ಟಿದ್ದು ನಾಚಿಕೆಯಲ್ಲ, ಸಿಟ್ಟು.

ಎಂಟು ದಿನವಾದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಬೀಜ ಲೋಳೆಯಾಗಿತ್ತು. ತವರಿನ ಬೀಜವನ್ನು ಹಾಗೆ ಸಾಯಲು ಬಿಡಲಾಗಲಿಲ್ಲ. ಮನೆಯಲ್ಲಿ ಉಳಿದಿದ್ದನ್ನು ನೆನೆಸಿ, ಮಾರನೆಯ ದಿನ ಮಧ್ಯಾಹ್ನ, ಬಿಸಿಲಿಗೆ ನಾಯಿಯೂ ಓಡಾಡದ ಹೊತ್ತಿನಲ್ಲಿ, ಕಳ್ಳಿಯ ಹಾಗೆ ಹೋಗಿ ಗುಂಡಿಗೆ ಮೂರರಂತೆ ಊರಿ ಬಂದೆ.

ಬಳ್ಳಿ ಎದ್ದು ತಂತಿಬೇಲಿಯನ್ನೆಲ್ಲ ಮುಚ್ಚಿತು. ಹಿರಿಯಳು ದಢೇಸುಗೂರಿನವಳ ಕೈ ಎತ್ತಿ ಎಲ್ಲರಿಗೂ ತೋರಿಸಿದಳು. "ತಡಾ ಆದ್ರೂ ಹೆಂಗ ಬಂದೈತಿ ನೋಡ್ರಿ. ಈಕಿ ಕೈಲೆ ಹಾಕಿದ್ರ ಕಲ್ಲಿನ ಮ್ಯಾಲೂ ಚಿಗಿತೈತಿ." ಹಿರಿಯಳ ಸಿಂಧನೂರಿನ ಬೀಗರೂ ಅವಳನ್ನು ಬೀಜ ಹಾಕಲು ಕರೆಸಿಕೊಂಡರು.

ಮರುವರ್ಷ ಮಳೆಗೆ ಮುಂಚೆ ಅವಳು ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು.

"ನೀವು ಮಧ್ಯಾಹ್ನ ಬಂದು ಊರಿದ್ದು ನಾ ಮಾಳಿಗಿ ಮ್ಯಾಲಿಂದ ನೋಡೀನಿ, ದೊಡ್ಡವ್ವ."

"ಮತ್ತ ಯಾರಿಗೂ ಹೇಳಲಿಲ್ಲ?"

"ನೀವರ ಎಲ್ಲಿ ಹೇಳಿದ್ರಿ?" ಬೀಜಕ್ಕೆಂದು ಸೆರಗು ಒಡ್ಡಿದಳು. "ಈ ಸಲಾನೂ ಬೀಜ ನೀವು ಕೊಡ್ರಿ. ಕೈ ನಂದಿರ್ಲಿ."

ಗಡಿಗೆಯಲ್ಲಿ ಎರಡು ಗಂಟಿದ್ದವು. ಒಂದು ಗಟ್ಟಿ ಬೀಜದ್ದು, ಇನ್ನೊಂದು ಬಿಸಾಡಲು ಮರೆತ ಜೊಳ್ಳು. ನನ್ನ ಕೈ ಮೊದಲು ಹೋದದ್ದು ಜೊಳ್ಳಿಗೆ. ಆದರೂ ಗಟ್ಟಿ ಬೀಜ ಕೊಟ್ಟೆ, ನೀರು ಎಷ್ಟು ಚಿಮುಕಿಸಬೇಕೆಂದೂ ಹೇಳಿಕೊಟ್ಟೆ. ನನ್ನದು ದೊಡ್ಡ ಮನಸ್ಸು ಎಂದುಕೊಳ್ಳಬೇಡಿ. ಬಳ್ಳಿ ಏಳದಿದ್ದರೆ ಮತ್ತೆ ಮಧ್ಯಾಹ್ನದ ಬಿಸಿಲಲ್ಲಿ ಹೋಗುವವಳು ನಾನೇ ಎಂದು ನನಗೆ ಗೊತ್ತಿತ್ತು.

ನೀವು ತಿಂದದ್ದು ಆ ಬಳ್ಳಿಯ ಕಾಯಿ. ಊರಿದವಳು ಅವಳೇ, ಸುಳ್ಳು ಹೇಳಲಾರೆ. ಕಾಯಿ ಎಳೆಯದಾಗಿತ್ತು, ಸಿಹಿಯಾಗಿತ್ತು. ಈಗ ಅವಳ ಕೈ ನಿಜಕ್ಕೂ ಚೆನ್ನಾಗಿದೆ. ನನಗಿದ್ದ ಅದೊಂದು ಹೆಸರೂ ಈಗ ಅವಳದು; ಅವತ್ತು ರೊಟ್ಟಿಯ ನೆಪ ಮಾಡಿ ಒಳಗೆ ಹೋದದ್ದು ಅದಕ್ಕೇ.