ಅರ್ಥ ಹೇಳಿ ಬೈಯಬೇಕಾಗಿದ್ದ ತೋಪು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಾವು ಏಳು ಜನ ಮೊಮ್ಮಕ್ಕಳು ಶ್ರೀನಿವಾಸಪುರದ ಹತ್ತಿರವಿದ್ದ ಅಜ್ಜಿಯ ಮಾವಿನ ತೋಪಿಗೆ ಹೋಗಿ ಬೀಳುತ್ತಿದ್ದೆವು. ‘ಆಗೆಲ್ಲ’ ಎಂದು ಬರೆದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಎಷ್ಟು ಬೇಸಿಗೆ ಹೋಗಿದ್ದೆವು? ನಾಲ್ಕೋ ಐದೋ. ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿ ನಾನು ಕಲಿತದ್ದು ಇಷ್ಟೇ: ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದು, ಆ ಸಾಕ್ಷಿ ನಾವೇ ಆಗಿದ್ದರಂತೂ ನಂಬಲೇಬಾರದು. ಆದರೂ ನನಗೆ ಹತ್ತು ವರ್ಷವಾಗಿದ್ದಾಗಿನ ಒಂದು ಬೇಸಿಗೆಯನ್ನು ಹೇಳದೆ ಇರಲಾರೆ.

ತೋಪಿನ ಫಸಲನ್ನು ಹೂವು ಬಿಟ್ಟಾಗಲೇ ಹಣ್ಣಿನ ಮಂಡಿ ಸಾಹೇಬರಿಗೆ ಗುತ್ತಿಗೆ ಕೊಟ್ಟಾಗಿರುತ್ತಿತ್ತು. ಮನೆಗೆಂದು ಉಳಿಸಿಕೊಂಡದ್ದು ಬಾವಿ ಪಕ್ಕದ ಒಂದೇ ಬಾದಾಮಿ ಮಾವಿನ ಮರ. ಸುತ್ತ ಅಷ್ಟೊಂದು ಮರಗಳು ಹೊರಲಾರದೆ ಹೊತ್ತು ನಿಂತಿದ್ದರೂ ನಮ್ಮ ಕೈ ಹೋಗಬೇಕಾದದ್ದು ಆ ಮರಕ್ಕೆ ಮಾತ್ರ. ಶೆಡ್ಡಿನಲ್ಲಿ ಹುಲ್ಲು ಹಾಸಿ ಹಣ್ಣಿಗಿಟ್ಟ ಕಾಯಿಗಳ ಬಿಸಿ ವಾಸನೆ ನಮ್ಮ ಅಂಗಿ, ತಲೆಕೂದಲು, ಮುದ್ದೆಯ ತಟ್ಟೆಗೂ ಹತ್ತಿಕೊಳ್ಳುತ್ತಿತ್ತು. ಸೊನೆ ತಾಗಿ ತುಟಿಯಂಚು ಸುಟ್ಟು ಕಪ್ಪಾಗದ ಮಗು ನಮ್ಮಲ್ಲಿ ಒಂದೂ ಇರಲಿಲ್ಲ.

ಈ ರಾಜ್ಯವನ್ನು ಆಳುತ್ತಿದ್ದವಳು ದೊಡ್ಡಮ್ಮನ ಮಗಳು ಭಾಗ್ಯಕ್ಕ. ಅವಳಿಗೆ ಹದಿನಾಲ್ಕು ವರ್ಷ. ಮರಕೋತಿ ಆಟದಲ್ಲಿ ಯಾರು ಔಟು, ಬಾವಿಕಟ್ಟೆ ಮೇಲೆ ಯಾರು ಕೂರಬೇಕು, ಯಾರಿಗೆ ಹೋಳು, ಯಾರಿಗೆ ಬರೀ ವಾಟೆ ಎಲ್ಲವೂ ಅವಳದೇ ತೀರ್ಮಾನ. ಎದುರು ಮಾತಾಡಿದವನಿಗೆ ವಾಟೆ. ನಾನು ಆ ಬೇಸಿಗೆ ಚೀಪಿದ ವಾಟೆಗಳನ್ನೆಲ್ಲ ನೆಟ್ಟಿದ್ದರೆ ನನ್ನದೇ ಒಂದು ತೋಪಾಗುತ್ತಿತ್ತು.

ಅವಳನ್ನು ಬಾಯಿಗೆ ಬಂದಂತೆ ಬೈಯುವ ಹಾಗೂ ಇರಲಿಲ್ಲ. ಕೆಟ್ಟ ಮಾತು ಕಿವಿಗೆ ಬಿದ್ದರೆ ಮರ ಕಾಯಿ ಉದುರಿಸುತ್ತದೆ ಎಂದು ಅಜ್ಜಿಯ ನಂಬಿಕೆ. ಬೈಯಲೇಬೇಕೆಂದರೆ ಪುಸ್ತಕದ ಮಾತಿನಲ್ಲಿ ಬೈಯಬೇಕು, ಬೈದ ಕೂಡಲೇ ಅರ್ಥವನ್ನೂ ಹೇಳಬೇಕು. “ನಂಗೆ ಓದು ಬರಲ್ಲ ಕಣಪ್ಪ. ಅರ್ಥ ಹೇಳಿದ್ರೆ ತಾನೆ ನೀನು ಬೈದಿದ್ದೋ ಹೊಗಳಿದ್ದೋ ನಂಗೆ ಗೊತ್ತಾಗೋದು?” ಅರ್ಥ ಗೊತ್ತಿಲ್ಲದೆ ಬೈದವನ ಆ ದಿನದ ಹಣ್ಣು ಬೈಸಿಕೊಂಡವರಿಗೆ. ಹೀಗಾಗಿ ನಮ್ಮ ಪಾಲಿನ ಎಷ್ಟೋ ಹಣ್ಣು ಭಾಗ್ಯಕ್ಕನಿಗೇ ಹೋಗಿತ್ತು.

ರಜೆ ಮುಗಿಯುತ್ತ ಬಂತು. ಸೋಮವಾರ ಕೋಲಾರದ ಬಸ್ಸು ಹತ್ತಬೇಕು. ಬಾವಿ ಮರದಲ್ಲಿ ಉಳಿದದ್ದು ಒಂದೇ ಕಾಯಿ, ತುದಿಯಲ್ಲಿ, ಎಲೆಯ ಮರೆಯಲ್ಲಿ. ಅದನ್ನು ಮೊದಲು ಕಂಡವನು ನಾನು. ಮೊದಲು ಕಂಡವರಿಗೇ ಹಣ್ಣು ಎಂಬುದು ತೋಪಿನ ಹಳೆಯ ಕಾಯಿದೆ. ದಿನಾ ಬೆಳಗ್ಗೆ ಹಲ್ಲುಜ್ಜುತ್ತ ಕತ್ತೆತ್ತಿ ನೋಡಿ ಬರುತ್ತಿದ್ದೆ. ಇದ್ದಕ್ಕಿದ್ದಂತೆ ಶುಕ್ರವಾರ ಭಾಗ್ಯಕ್ಕ ಅಪ್ಪಣೆ ಹೊರಡಿಸಿದಳು.

“ಆ ಹಣ್ಣು ಯಾರಿಗೂ ಇಲ್ಲ. ನಾನು ಹೇಳೋವರ್ಗೂ ಯಾರೂ ಮರ ಹತ್ತಂಗಿಲ್ಲ.”

“ಕಂಡಿದ್ದು ನಾನು!”

“ಕಂಡ್ರೆ ಕಾಣು. ಕಣ್ಣಿಗೆ ಬೇಡ ಅಂದ್ನಾ?”

ನಾನು ಅಳುತ್ತ ಅಜ್ಜಿಯ ಹತ್ತಿರ ಓಡಿದೆ. ಅಜ್ಜಿ ಎಲೆ ಅಡಿಕೆ ಕುಟ್ಟುತ್ತಲೇ ಅಂದಳು: “ಅವಳಂಥ ದೊರೆಗೆ ತಕ್ಕ ಮಾತು ಒಂದು ಹುಡುಕ್ಕೊಂಡು ಬಾ. ಅವಳು ಅದಕ್ಕೆ ಎದುರು ಹೇಳಕ್ಕಾಗದೇ ಹೋದ್ರೆ ಹಣ್ಣು ನಿಂದು. ಭಾನುವಾರ ಸಾಯಂಕಾಲದೊಳಗೆ.”

ಎರಡು ದಿನ ನಾನು ಕೆಟ್ಟ ದೊರೆಗಳ ಹೆಸರು ಹುಡುಕುತ್ತ ಅಲೆದೆ. ಪರೀಕ್ಷೆಗೆ ಓದುತ್ತಿದ್ದ ಚಿಕ್ಕಮಾಮ ಪುಸ್ತಕದಿಂದ ತಲೆ ಎತ್ತದೆಯೇ ಮೂರು ಪದ ಕೊಟ್ಟ. ತೋಪಿನ ಕಾವಲಿನ ಮುನಿಶಾಮಣ್ಣ ಮನೆಯಲ್ಲಿ ತೆಲುಗು ಮಾತಾಡುವವನು. “ದೊರ ಅಂಟೆ ಚಾಲದಾ ಬಾಬು? ದೊರ ಅಂದ್ರೆ ಸಾಲ್ದಾ? ಅವನ ಮನೆ ಮುಂದೆ ಹೋಗೋವಾಗ ಚಪ್ಪಲಿ ಕಾಲಲ್ಲಿರಬಾರ್ದು, ಕೈಯಲ್ಲಿರಬೇಕು. ನಮ್ಮ ತಾತ ಹಂಗೇ ನಡೀತಿದ್ದ” ಎಂದ.

ಕೊನೆಗೆ ಕ್ರೇಟುಗಳ ಮಧ್ಯೆ ಕೂತು ಕಾಯಿ ವಿಂಗಡಿಸುತ್ತಿದ್ದ ಮಂಡಿ ಸಾಹೇಬರ ಹತ್ತಿರ ಹೋದೆ. “ಜಾಲಿಮ್ ಅನ್ನು ಬೇಟಾ,” ಎಂದರು. “ಯಾವ್ದು ಎಲ್ಲಿರಬೇಕೋ ಅಲ್ಲಿ ಇಕ್ಕದೆ ಬೇರೆ ಕಡೆ ಇಕ್ಕೋದು ಐತಲ್ಲ, ಅದೇ ಜುಲುಮ್. ಟೋಪಿ ಕಾಲಿಗೆ, ಚಪ್ಪಲಿ ತಲೆಗೆ. ಹಂಗೆ ಮಾಡೋ ಬಾದಶಾ ಜಾಲಿಮ್.”

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಬಹಳ ವರ್ಷಗಳ ಮೇಲೆ, ಲೈಬ್ರರಿಯ ಒಂದು ಹಳೆಯ ನಿಘಂಟಿನಲ್ಲಿ ಆ ಪದಕ್ಕೆ ಇದೇ ಅರ್ಥ ಕಂಡೆ. ಅಂದಿನಿಂದ, ಸಾಹೇಬರು ನಿಜವಾಗಿ ಹೀಗೆ ಹೇಳಿದ್ದರೋ ಅಥವಾ ನಿಘಂಟಿನ ಮಾತನ್ನು ನಾನೇ ಅವರ ಬಾಯಲ್ಲಿ ಇಟ್ಟೆನೋ ತಿಳಿಯದು. ಇಟ್ಟಿದ್ದರೆ ಅದೂ ಒಂದು ಜುಲುಮೆಯೇ.

ಭಾನುವಾರ ಸಾಯಂಕಾಲ ಬಾವಿಕಟ್ಟೆಯ ಮೇಲೆ ಅಜ್ಜಿ ಕೂತಳು. ಭಾಗ್ಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಪ್ರಜಾಪೀಡಕಿ!” ಎಂದೆ.

“ಅರ್ಥ?” ಎಂದಳು ಅಜ್ಜಿ.

“ಪ್ರಜೆಗಳಿಗೆ ಹಿಂಸೆ ಕೊಡೋಳು.”

“ಮೊನ್ನೆ ನಿನ್ ಕಾಲಲ್ಲಿ ಜಾಲಿಮುಳ್ಳು ತೆಗ್ದಿದ್ದು ಯಾರ್ಲಾ, ನಿಮ್ಮಪ್ಪನಾ?” ಎಂದಳು ಭಾಗ್ಯಕ್ಕ.

ಎಲ್ಲರೂ ನಕ್ಕರು. ಒಂದು ಪದ ಹೋಯಿತು.

“ಸರ್ವಾಧಿಕಾರಿ. ಎಲ್ಲಾ ಅಧಿಕಾರನೂ ತಾನೇ ಇಟ್ಕೊಂಡಿರೋಳು.”

“ಹೌದು, ಇಟ್ಕೊಂಡಿದೀನಿ. ಬೈದಿದ್ದೇನು ಬಂತು ಇದ್ರಲ್ಲಿ?”

“ನಿರಂಕುಶಾಧಿಕಾರಿ! ಅಂಕುಶ ಇಲ್ದಿರೋ ಆನೆ ಥರ.”

“ಅಜ್ಜಿ ಕೂತಿದಾಳಲ್ಲೋ ಎದುರಿಗೆ. ಅವಳಿಗಿಂತ ಅಂಕುಶ ಬೇಕಾ?”

ಅಜ್ಜಿ ಹೌದೆಂದು ತಲೆಯಾಡಿಸಿದಳು. ನಾನು ದೊರ ಎಂದಾಗ ಭಾಗ್ಯಕ್ಕ ತನ್ನ ಬರಿಗಾಲು ತೋರಿಸಿದಳು. ತೋಪಿನಲ್ಲಿ ಚಪ್ಪಲಿ ಇದ್ದದ್ದೇ ಇಬ್ಬರಿಗೆ, ಬಿಡುವುದೇನು ಬಂತು? ಉಳಿದದ್ದು ಒಂದೇ ಪದ.

“ನೀನು ಜಾಲಿಮ್,” ಎಂದೆ.

“ಅರ್ಥ?”

“ಯಾವ್ದು ಎಲ್ಲಿರಬೇಕೋ ಅಲ್ಲಿಡದೆ ಬೇರೆ ಕಡೆ ಇಡೋರು.”

ಭಾಗ್ಯಕ್ಕನ ಕೈ ಸೊಂಟದಿಂದ ಇಳಿಯಿತು. ನನ್ನನ್ನು ನೋಡಲಿಲ್ಲ, ಅಜ್ಜಿಯನ್ನು ನೋಡಿದಳು. “ಸೋತ್ಲು! ಸೋತ್ಲು!” ಎಂದು ಪ್ರಜೆಗಳು ಕುಣಿದರು. ಅಜ್ಜಿ ತೀರ್ಪು ಕೊಡುವ ಮೊದಲೇ ಮುನಿಶಾಮಣ್ಣ ಕೊಕ್ಕೆ ಕೋಲು ಎತ್ತಿ ಕಾಯಿಗೆ ಸಿಕ್ಕಿಸಿ ಎಳೆದುಬಿಟ್ಟ. ಕಾಯಿ ಬಿತ್ತು. ಅದರ ತೊಟ್ಟಿಗೆ ಒಂದು ಗೇಣು ಹೂ ಕಟ್ಟುವ ದಾರ ಬಿಗಿಯಾಗಿ ಸುತ್ತಿತ್ತು. ಎತ್ತಿ ನೋಡಿದರೆ ಬಾದಾಮಿಯಲ್ಲ. ಕಲ್ಲಿನಂಥ ಹಸಿರು ತೋತಾಪುರಿ!

ಸಾಹೇಬರ ಮರದ ಕಾಯಿಯನ್ನು ತಂದು ನಮ್ಮ ಮರಕ್ಕೆ ಕಟ್ಟಲಾಗಿತ್ತು. ಇರಬಾರದ ಕಡೆ ಇಟ್ಟದ್ದು ನೇತಾಡುತ್ತಿದ್ದುದು ನಮ್ಮ ತಲೆಯ ಮೇಲೆಯೇ. ನಾನು ಅರ್ಥ ಹೇಳುತ್ತ ಗೊತ್ತಿಲ್ಲದೆಯೇ ಕಳ್ಳತನ ಹಿಡಿದುಬಿಟ್ಟಿದ್ದೆ.

“ಹಣ್ಣೆಲ್ಲಿ?” ಎಂದೆವು.

“ತಿಂದೆ,” ಎಂದಳು ಭಾಗ್ಯಕ್ಕ. ಅಷ್ಟೇ. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಜ್ಜಿ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಊಟದ ಹೊತ್ತಿನವರೆಗೂ ನಾವು ಆರು ಜನ ಭಾಗ್ಯಕ್ಕನ ಸುತ್ತ “ಜಾಲಿಮ್, ಜಾಲಿಮ್” ಎಂದು ಕುಣಿದೆವು. ಅವಳು ಒಬ್ಬರಿಗೂ ಏಟು ಕೊಡಲಿಲ್ಲ. ಹಣ್ಣು ಸಿಗಲಿಲ್ಲವಾದರೂ ಒಬ್ಬ ದೊರೆಯನ್ನು ಇಳಿಸಿದ ಸಂತೋಷದಲ್ಲಿ ನಾನು ಕೋಲಾರದ ಬಸ್ಸು ಹತ್ತಿದೆ.

ಇದನ್ನು ಬರೆಯುವ ಮುಂಚೆ ಭಾಗ್ಯಕ್ಕನಿಗೆ ಫೋನ್ ಮಾಡಿದೆ. ಅವಳೀಗ ಮಾಲೂರಿನಲ್ಲಿದ್ದಾಳೆ, ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾಳೆ. ರೈಲಿನ ಸದ್ದಿನ ಮಧ್ಯೆಯೇ ನನ್ನ ಕತೆಯನ್ನೆಲ್ಲ ಕೇಳಿಸಿಕೊಂಡಳು.

“ತೋತಾಪುರಿ ಅಲ್ಲ ಕಣೋ, ನೀಲಂ. ತೋತಾಪುರಿಗೆ ಕೊಕ್ಕು ಇರುತ್ತಲ್ಲ, ದಿನಾ ನೋಡ್ತಿದ್ದ ನಿಂಗೆ ಗೊತ್ತಾಗ್ತಿರಲಿಲ್ವಾ?”

ಅದೂ ನಿಜವೇ. ಒಂದು ಸಾಕ್ಷ್ಯ ಬಿತ್ತು.

“ಇನ್ನೊಂದು,” ಎಂದಳು. “ಹಣ್ಣು ತಿಂದಿದ್ದು ನಾನಲ್ಲ, ಅಜ್ಜಿ.”

ಅಜ್ಜಿಗೆ ಸಕ್ಕರೆ ಕಾಯಿಲೆ. ಮಾವಿನಹಣ್ಣು ಮುಟ್ಟಕೂಡದೆಂದು ದೊಡ್ಡಮಾಮನ ಕಟ್ಟಪ್ಪಣೆ. ಗುರುವಾರ ಮಧ್ಯಾಹ್ನ ನಾವೆಲ್ಲ ಮಲಗಿದ್ದಾಗ ಭಾಗ್ಯಕ್ಕನ ಕೈಲಿ ಕೀಳಿಸಿಕೊಂಡು, ಬಾವಿಯ ಹಿಂದೆ ಕೂತು, ಮೊಣಕೈವರೆಗೂ ರಸ ಇಳಿಸಿಕೊಂಡು ತಿಂದಳಂತೆ. ವಾಟೆಯನ್ನೂ ಬಿಡಲಿಲ್ಲವಂತೆ. ನಾನು ಹುಡುಕಬಾರದೆಂದು ದಾರ ಕಟ್ಟಿದ್ದು ಮಾತ್ರ ಭಾಗ್ಯಕ್ಕ.

“ಮತ್ತೆ ನೀನ್ಯಾಕೆ ಬೈಸ್ಕೊಂಡೆ?”

“ನನ್ನ ಬೈದ್ರೆ ನಿಮಗೆಲ್ಲ ಆಟ. ಅಜ್ಜಿ ಅಂತ ಗೊತ್ತಾಗಿದ್ರೆ ಮಾಮ ಬಂದು ಮನೇಲಿ ರಂಪ ಮಾಡ್ತಿದ್ದ. ಪಾಪ, ಅಷ್ಟು ಆಸೆಪಟ್ಟು ತಿಂದಿದ್ಲು.”

ಅಜ್ಜಿ ಈಗಿಲ್ಲ. ಬಾವಿ ಮರವೂ ಇಲ್ಲ, ಅಲ್ಲಿ ಬೋರ್‌ವೆಲ್ ಇದೆ. ನಮ್ಮ ಕಸಿನ್ಸ್ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಾದರೆ ಯಾರೋ ಯಾರನ್ನೋ ಸರ್ವಾಧಿಕಾರಿ, ನಿರಂಕುಶ ಎಂದು ಜರೆಯುತ್ತಿರುತ್ತಾರೆ. ನಾನೂ ಜರೆಯುತ್ತೇನೆ. ಯಾರೂ ಅರ್ಥ ಕೇಳುವುದಿಲ್ಲ, ಯಾರ ಹಣ್ಣೂ ಹೋಗುವುದಿಲ್ಲ.

ಆ ಫೋನಾದ ಮೇಲೆ ಭಾಗ್ಯಕ್ಕನಿಗೆ ಒಪ್ಪುವ ಮಾತೊಂದನ್ನು ಹುಡುಕುತ್ತಿದ್ದೇನೆ, ಬೇರೆಯವರು ತಿಂದ ಹಣ್ಣಿಗೆ ತಾನು ಬೈಸಿಕೊಂಡ ದೊರೆಗೆ. ಅಂದು ಎರಡೇ ದಿನದಲ್ಲಿ, ಮೂರು ಭಾಷೆಯಲ್ಲಿ, ಕೆಟ್ಟ ದೊರೆಗಳಿಗೆ ಐದು ಪದ ಸಿಕ್ಕಿದ್ದವು. ಈ ದೊರೆಗೆ ಇನ್ನೂ ಒಂದೂ ಸಿಕ್ಕಿಲ್ಲ. ಸಿಕ್ಕರೂ, ಬಾವಿಕಟ್ಟೆಯ ಮೇಲೆ ಕೂತು, ಏನೂ ಅರಿಯದವಳ ಮುಖ ಮಾಡಿಕೊಂಡು, “ಅರ್ಥ?” ಎಂದು ಕೇಳುವವಳು ಈಗಿಲ್ಲ.