ಹೊಸ ಒರಳಿನ ವಯಸ್ಸು

ನಮ್ಮ ಮನೆಯ ಹೊಸ ಒರಳಿನ ವಯಸ್ಸು ಕೇಳಿ ನನ್ನ ಕೈಯಲ್ಲಿದ್ದ ತವುಡಿನ ಬಟ್ಟಲು ಜಾರಿ ಬಿತ್ತು.

ಜಯನಗರದ ಈ ಮನೆ ಕಟ್ಟಿಸುವಾಗ ಬಾಗಿಲು, ಕಿಟಕಿ, ಗೋಡೆಯ ಬಣ್ಣ ಎಲ್ಲವನ್ನೂ ಬೇರೆಯವರೇ ಆರಿಸಿದ್ದರು. ಒರಳು ಮಾತ್ರ ನನ್ನ ಆಯ್ಕೆ. ಬನಶಂಕರಿಯ ಕಲ್ಲುಕುಟಿಗರ ಬಳಿಯಿದ್ದ ಬೂದು ಒರಳುಗಳ ಸಾಲಿನಲ್ಲಿ ಇದೊಂದಕ್ಕೇ ನಸುಗೆಂಪು ಗೆರೆಯಿತ್ತು (ಸೀರೆಯ ಸಣ್ಣ ಅಂಚಿನ ಹಾಗೆ). ಮನಸ್ಸು ಸೋತಿತು.

ಅತ್ತೆ ಆ ಗೆರೆಯ ಮೇಲೆ ಉಗುರಾಡಿಸಿದರು. "ಇದು ಬಿರುಕು ಕಣೇ. ಉದ್ದು ರುಬ್ಬುವಾಗ ಎರಡು ಹೋಳಾಗುತ್ತೆ. ಕಾನ್ವೆಂಟಲ್ಲಿ ಕಲ್ಲು ನೋಡೋದು ಕಲಿಸಲಿಲ್ವಾ? ವಾಪಸ್ ಕೊಟ್ಬಿಡು."

ಕೊಡುವುದಾದರೆ ತವುಡು ಹಾಕುವ ಮೊದಲೇ ಕೊಡಬೇಕು. (ಹೊಸ ಒರಳಿನ ಮರಳು ಹೋಗಲೆಂದು ತವುಡು ರುಬ್ಬಿ ಚೆಲ್ಲುತ್ತೇವಲ್ಲ, ಅದಾದ ಮೇಲೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.) ಬಟ್ಟಲು ಹಿಡಿದು ನಿಂತೇ ಇದ್ದೆ. ಹಾಕಲೋ, ಬೇಡವೋ?

ಅಷ್ಟರಲ್ಲಿ ಮೈದುನ ಶಾಮು ಬಂದ. ಗುಡ್ಡ ಸುತ್ತಿ ಕಲ್ಲು ಪರೀಕ್ಷಿಸುವುದೇ ಅವನ ಉದ್ಯೋಗ. ಚಪ್ಪಲಿ ಬಿಡುವುದನ್ನೂ ಮರೆತು ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಬಿರುಕಲ್ಲಮ್ಮ. ಬೂದು ಕಲ್ಲೊಳಗೆ ಕರಗಿದ ಗ್ರಾನೈಟು ನುಗ್ಗಿ ಹೆಪ್ಪುಗಟ್ಟಿರೋದು. ರಾಮನಗರದ ಕಡೆ ಗುಡ್ಡಗುಡ್ಡವೇ ಈ ಗ್ರಾನೈಟು. ಅದಕ್ಕೆ ಇನ್ನೂರು ಕೋಟಿ ವರ್ಷಕ್ಕೂ ಮೇಲೆ."

ಬಟ್ಟಲು ಜಾರಿದ್ದು ಆಗಲೇ. ತವುಡೆಲ್ಲ ಒರಳಿನ ಗುಂಡಿಗೆ.

ನಾನು ಓದಿದ ಭೂಗೋಳದಲ್ಲಿ ಬೆಟ್ಟಗಳಿಗೆ ಎತ್ತರವಿತ್ತು, ವಯಸ್ಸಿರಲಿಲ್ಲ.

"ಅಷ್ಟು ವರ್ಷ ಯಾರೋ ಎಣಿಸ್ಕೊಂಡು ಕೂತಿದ್ದೋರು?" ಅತ್ತೆ ಕೇಳಿದರು.

"ಕಲ್ಲೇ ಎಣಿಸ್ಕೊಂಡಿರುತ್ತೆ. ಅದರಲ್ಲಿ ರುಬಿಡಿಯಂ ಅಂತ ಒಂದು ಧಾತು ಇರುತ್ತಮ್ಮ. ತಾನಾಗೇ, ತುಂಬಾ ನಿಧಾನವಾಗಿ ಸ್ಟ್ರಾನ್ಶಿಯಂ ಅನ್ನೋ ಇನ್ನೊಂದು ಧಾತು ಆಗ್ತಾ ಹೋಗುತ್ತೆ. ಕಲ್ಲು ಪುಡಿ ಮಾಡಿ, ಎಷ್ಟು ಬದಲಾಗಿದೆ ಅಂತ ಅಳೆದ್ರೆ ವಯಸ್ಸು ಸಿಗುತ್ತೆ. ಅತ್ತಿಗೆ, ಒಂದು ಚೂರು ಒಡ್ಕೊಳ್ಲಾ?"

"ಕೈ ಇಟ್ಟು ನೋಡು," ಎಂದವರು ಅತ್ತೆ. ಈಗಷ್ಟೇ ವಾಪಸ್ ಕೊಡು ಎಂದವರು ಇವರೇನಾ?

ಮತ್ತೆ ಆ ಗೆರೆ ಮುಟ್ಟಿದರು. "ಮೊದಲಿಂದ ಇದ್ದಿದ್ದು ಯಾವುದೋ?"

"ಬೂದು. ಕೆಂಪು ಆಮೇಲೆ ಬಂದಿದ್ದು."

"ಬಂದು ಇಷ್ಟು ಕಾಲ ಆಗಿದ್ಯಲ್ಲ. ಇನ್ನು ಬಿಟ್ಕೊಳ್ಳಲ್ಲ." ನೀರು ಚಿಮುಕಿಸಿ ಅತ್ತೆಯೇ ಗುಂಡು ತಿರುಗಿಸತೊಡಗಿದರು.

ನಾನು ಮಾತ್ರ ಖಾಲಿ ಬಟ್ಟಲು ಎತ್ತಿಕೊಂಡು ಒರಳನ್ನೇ ನೋಡುತ್ತಿದ್ದೆ. ಕಣ್ಣುಮುಚ್ಚಿ ಊಹಿಸಲೂ ಆಗದಷ್ಟು ಹಳೆಯದರೊಳಗೆ ದಿನವೂ ಚಟ್ನಿ ರುಬ್ಬುವುದು ಹೇಗೆ, ನೀವೇ ಹೇಳಿ?

ಸಂಜೆ ಕಾಂಪೌಂಡಿನಾಚೆಯ ಪಕ್ಕದ ಮನೆಯಾಕೆಗೆ ಅತ್ತೆ ಹೇಳುತ್ತಿದ್ದರು, "ನಮ್ಮ ಹೊಸ ಸೊಸೆ ಆರಿಸಿದ್ದು."

ನಾನು ಈ ಮನೆಗೆ ಬಂದು ಹದಿನಾರು ವರ್ಷ. ಕಲ್ಲಿನ ಲೆಕ್ಕದಲ್ಲಿ ಹೊಸಬಳೇ ಅಲ್ಲವೇ?