ಅಜ್ಜಿ ಹಾಲು ಕೊಡಲು ಬರುವವರೆಗೆ

ಕಾಯುವುದೆಂದರೆ ನನಗೆ ಮೊದಲಿಂದಲೂ ಆಗದು. ಅದರಲ್ಲೂ ಎಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬಿ.ಸಿ.ರೋಡ್ ಬಸ್ ನಿಲ್ದಾಣದಲ್ಲಿ. ಆ ಭಾನುವಾರ ಬೆಳ್ತಂಗಡಿ ಕಡೆಯಿಂದ ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಹೋಗಿ ಇಣುಕುತ್ತಿದ್ದೆ. "ಹತ್ತುವುದಾದ್ರೆ ಹತ್ತಿ, ಇಲ್ಲದಿದ್ರೆ ಬಾಗಿಲು ಬಿಡಿ ಮಾರಾಯ್ರೆ" ಎಂದು ಒಬ್ಬ ಕಂಡಕ್ಟರ್ ರೇಗಿದ. ನಾನು ಸುಮ್ಮನಿರುವ ಜಾತಿಯವನಲ್ಲ. ಮಾತಿಗೆ ಮಾತು ಬೆಳೆದು ಜನ ತಿರುಗಿ ನೋಡತೊಡಗಿದಾಗ, ಅದೇ ಬಸ್ಸಿನ ಹಿಂದಿನ ಬಾಗಿಲಿನಿಂದ, ನಾನು ಕಾಯುತ್ತಿದ್ದ ಅವಳು ಇಳಿದು ನನ್ನ ತೋಳು ಹಿಡಿದು ಎಳೆದಳು.

"ಮನೆ ಮುಟ್ಟುವ ಮೊದಲೇ ಶುರು ಮಾಡಿದ್ರಾ?" ಎಂದಳು.

ಅವಳು ಬೆಳ್ತಂಗಡಿಯ ಒಂದು ಬ್ಯಾಂಕಿನಲ್ಲಿದ್ದಳು. ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದೆ, ಈಗಲೂ ಮಾಡುತ್ತಿದ್ದೇನೆ. ಮದುವೆಯಾಗುವುದೆಂದು ನಮ್ಮಿಬ್ಬರಲ್ಲಿ ತೀರ್ಮಾನವಾಗಿತ್ತು. ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. "ಭಾನುವಾರ ಒಬ್ಬಳನ್ನು ಕರ್ಕೊಂಡು ಬರ್ತೇನೆ" ಎಂದು ಫೋನಿನಲ್ಲಿ ಅಂದಾಗ ಅಮ್ಮ "ಊಟಕ್ಕಾ?" ಎಂದಷ್ಟೇ ಕೇಳಿದ್ದಳು.

ನನ್ನ ಹೆದರಿಕೆ ಇದ್ದದ್ದು ಅವಳ ಅಪ್ಪನ ಬಗ್ಗೆ. ಅವರು ತಮಿಳರು. ಅವಳ ಅಮ್ಮ ಬೆಳ್ತಂಗಡಿ ಹತ್ತಿರದ ನೆರಿಯದವಳು, ನಮ್ಮ ಜಾತಿಯವಳೇ. ನರ್ಸ್ ಆಗಿ ಮಸ್ಕತ್ತಿಗೆ ಹೋದವಳು ಅಲ್ಲಿ ಅವರನ್ನು ಮದುವೆಯಾದಳು. ತವರಿನವರು ಒಪ್ಪಲಿಲ್ಲ, ಅವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲೇ ಇಲ್ಲ. ಮಗಳು ಸಣ್ಣವಳಿರುವಾಗಲೇ ತೀರಿಕೊಂಡಳು. ಹಾಸ್ಟೆಲುಗಳಲ್ಲಿ ಬೆಳೆದ ಮೊಮ್ಮಗಳನ್ನು ನೆರಿಯದ ಅಜ್ಜಿಯೇ ಹುಡುಕಿಕೊಂಡು ಹೋಗಿ ಮಾತಾಡಿಸಿದ್ದು ಎಷ್ಟೋ ವರ್ಷಗಳ ಮೇಲೆ. ಈಗ ಅಜ್ಜಿಗೆ ಹತ್ತಿರವಾಗಲೆಂದೇ ಅವಳು ಬೆಳ್ತಂಗಡಿಗೆ ವರ್ಗ ಮಾಡಿಸಿಕೊಂಡಿದ್ದಳು. ನಮ್ಮ ಮನೆಮಾತಾದ ತುಳು ಅವಳಿಗೆ ಅಷ್ಟಕ್ಕಷ್ಟೇ.

ಹೀಗಾಗಿ ನಾನು ದೊಡ್ಡ ಜಗಳಕ್ಕೆ ತಯಾರಾಗಿದ್ದೆ. ಕಾಲ ಬದಲಾಗಿದೆ, ಮನುಷ್ಯ ಮುಖ್ಯ, ನೀವು ಒಪ್ಪದಿದ್ದರೆ ನಾನು ಈ ಮನೆಗೇ ಬರುವುದಿಲ್ಲ ಎಂದೆಲ್ಲ ಮೂಡುಬಿದಿರೆಯ ಬಾಡಿಗೆ ಕೋಣೆಯಲ್ಲಿ ಗೋಡೆಗೆ ಹೇಳಿ ಅಭ್ಯಾಸ ಮಾಡಿದ್ದೆ.

ನಮ್ಮ ಮನೆ ಹೆದ್ದಾರಿಗೆ ಹತ್ತಿರ. ಹಗಲಿಡೀ ಬಸ್ಸುಗಳ ಹಾರ್ನ್ ಒಳಗೇ ಕೇಳುತ್ತದೆ. ಅಮ್ಮ ಬೆಲ್ಲ ನೀರು ತಂದಿಟ್ಟಳು. ಶಿವಮೊಗ್ಗದಲ್ಲಿ ಬಹಳ ವರ್ಷ ಹೋಟೆಲು ನಡೆಸಿ ಈಗ ಮನೆಯಲ್ಲಿರುವ ಅಪ್ಪ, ಫೋನಿನಲ್ಲಿ ಕಂಬಳದ ಓಟ ನೋಡುತ್ತಿದ್ದವರು ಅದನ್ನು ಆಫ್ ಮಾಡಿ ಅಂಗಿ ಹಾಕಿಕೊಂಡು ಬಂದರು. ಇಬ್ಬರೂ ಮೇಷ್ಟ್ರ ಎದುರು ನಿಂತವರಂತೆ ಕನ್ನಡ ಮಾತಾಡಿದರು. ಬಿಸಿಲು ಜೋರುಂಟು, ಬಸ್ಸಿನಲ್ಲಿ ಸೀಟು ಸಿಕ್ಕಿತಾ, ಬ್ಯಾಂಕಿನಲ್ಲಿ ಕೆಲಸ ಜಾಸ್ತಿಯಾ. ಇದೆಲ್ಲ ಮುಗಿಯುವುದನ್ನು ಕಾಯಲು ನನ್ನಿಂದ ಆಗಲಿಲ್ಲ.

"ನಾವು ಮದುವೆ ಆಗ್ತೇವೆ. ಇವಳ ಅಮ್ಮ ನೆರಿಯದವರು, ನಮ್ಮವರೇ. ಅಪ್ಪ ಮಾತ್ರ ತಮಿಳಿನವರು" ಎಂದುಬಿಟ್ಟೆ.

ಅಮ್ಮ ನನ್ನ ಮುಖ ನೋಡಿದಳು. "ಅದಕ್ಕೆ ಯಾಕೆ ಬೊಬ್ಬೆ ಹಾಕ್ತೀ? ತಾಯಿ ನಮ್ಮವಳಲ್ವಾ?" ಎಂದು ಅವಳ ಕಡೆ ತಿರುಗಿ, "ನಿಮ್ಮದು ಯಾವ ಬಳಿ ಮಗಾ?" ಎಂದು ಕೇಳಿದಳು.

ನಾನು ತಯಾರು ಮಾಡಿದ ಭಾಷಣಗಳೆಲ್ಲ ಅಲ್ಲಿಗೆ ವ್ಯರ್ಥ. ಬಳಿ ಎಂದರೆ ಕುಲದ ಹೆಸರು, ಗೋತ್ರದ ಹಾಗೆ; ನಮ್ಮಲ್ಲಿ ಅದು ನಡೆಯುವುದು ತಾಯಿಯಿಂದ. ಅಪ್ಪ ಯಾರೇ ಆಗಿರಲಿ, ತಾಯಿಯ ಬಳಿಯೇ ಮಕ್ಕಳ ಬಳಿ. ಒಂದೇ ಬಳಿಯವರು ಎಲ್ಲೇ ಹುಟ್ಟಿರಲಿ, ಮುಖ ನೋಡದೇ ಇರಲಿ, ಅಣ್ಣ-ತಂಗಿ. ಅವರ ನಡುವೆ ಮದುವೆಯ ಮಾತೇ ಇಲ್ಲ. ಇದೊಂದು ಪ್ರಶ್ನೆ ಬರಬಹುದೆಂದು, ಇದೇ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ತಲೆಗೆ ಹೊಳೆದೇ ಇರಲಿಲ್ಲ.

"ಗೊತ್ತಿಲ್ಲ ಆಂಟಿ" ಎಂದಳು ಅವಳು. "ಅಮ್ಮ ಹೇಳುವಷ್ಟು ದಿನ ಇರಲಿಲ್ಲ. ಅಪ್ಪನಿಗೆ ಇದೆಲ್ಲ ಗೊತ್ತಾಗುದಿಲ್ಲ. ಅಜ್ಜಿಗೆ ಗೊತ್ತಿರಬೇಕು."

"ಹಾಗಾದ್ರೆ ಅಜ್ಜಿಗೆ ಫೋನ್ ಮಾಡುವ."

ಮಾಡಿದರೆ ಸಿಗಬೇಕಲ್ಲ. ನೆರಿಯದಲ್ಲಿ ಅಜ್ಜಿಯ ಮನೆಯೊಳಗೆ ಸಿಗ್ನಲ್ ಇಲ್ಲ. ಸಂಜೆ ಡೈರಿಗೆ ಹಾಲು ಕೊಡಲು ಬರುವಾಗ ರಸ್ತೆಯ ತಿರುವಿನಲ್ಲಿ ಮಾತ್ರ ಅವರ ಫೋನಿಗೆ ಜೀವ ಬರುವುದು. ಮಿಸ್ಡ್ ಕಾಲ್ ನೋಡಿ ಅವರೇ ಮಾಡುತ್ತಾರೆ. ಅಲ್ಲಿಯವರೆಗೆ ಕಾಯಬೇಕು.

"ಅಷ್ಟರ ತನಕ ನೀನು ಸ್ವಲ್ಪ ದೂರ ಕೂತ್ಕೊ ಮಾರಾಯ" ಎಂದು ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಅಡುಗೆಮನೆಗೆ ಹೋಗಿ ಅಮ್ಮನನ್ನು ಹಿಡಿದುಕೊಂಡೆ. ಯಾವ ಕಾಲದ ಕಥೆ ಇದು, ರಕ್ತಸಂಬಂಧ ಎಲ್ಲಿಂದ ಬಂತು ಎಂದು ಕೂಗಾಡಿದೆ. ಅಮ್ಮ ಕೋಳಿ ಸಾರಿಗೆ ತೆಂಗಿನಹಾಲು ಸುರಿಯುತ್ತ, ದನಿ ಏರಿಸದೆ ಹೇಳಿದಳು: "ಜಾತಿ, ಭಾಷೆ ಎಲ್ಲ ಬಿಡುವ. ಇದನ್ನು ಬಿಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಒಂದೇ ಬಳಿಯಾದ್ರೆ ನಾನು ಆ ಮದುವೆಗೆ ಬರುದಿಲ್ಲ." ಅಮ್ಮ ಕೂಗಿದರೆ ಕರಗುತ್ತಾಳೆ. ಮೆಲ್ಲಗೆ ಹೇಳಿದ್ದನ್ನು ಬದಲಿಸಿದ್ದು ನಾನು ಕಂಡಿಲ್ಲ.

ಊಟಕ್ಕೆ ಕೋಳಿ, ರೊಟ್ಟಿ. ನಾನು ರೊಟ್ಟಿ ಪುಡಿ ಮಾಡುತ್ತಲೇ ಕೂತೆ. ಎದುರಿಗೆ ಕೂತವಳನ್ನು ನೋಡಲೂ ಅಂಜಿಕೆ. ಕೈ ತೊಳೆಯುವಲ್ಲಿ ಅವಳು ಕೇಳಿದಳು, "ಒಂದೇ ಆದ್ರೆ ಎಂತ ಮಾಡುದು?"

"ಎಂತ ಮಾಡುದು, ಆದ್ರೂ ಮದುವೆ ಆಗುವ."

"ನಾನು ಆಗುದಿಲ್ಲ" ಎಂದಳು ಅವಳು. "ನನ್ನ ಅಮ್ಮ ಮನೆಯವರನ್ನು ಬಿಟ್ಟು ಮದುವೆ ಆದವಳು. ಹಬ್ಬದ ದಿನ ಬಾಗಿಲು ಹಾಕಿ ಕೂತ್ಕೊಳ್ತಿದ್ದಳು. ನಾನು ಅವಳ ಬಗ್ಗೆ ನೆನಪಿಟ್ಟುಕೊಂಡದ್ದು ಅದೊಂದನ್ನೇ."

ಆ ಮೇಲೆ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಗೇಟಿನವರೆಗೆ ಹೋಗಿ ಬಂದೆ. ನಿಂತ ಫ್ಯಾನಿನ ಕೆಳಗೆ ನಿಂತು ಕರೆಂಟಿನವರಿಗೆ ಬೈದೆ. ಅಪ್ಪ ಮತ್ತೆ ಕಂಬಳ ಹಾಕಿದ್ದರು. ಆ ಕೋಣಗಳ ಮೇಲೂ ಸಿಟ್ಟು ಬಂತು. ಒಂದು ಹೆಸರು, ಯಾರೋ ಯಾವಾಗಲೋ ಇಟ್ಟ ಒಂದೇ ಒಂದು ಹೆಸರು, ಅದರ ಕೈಯಲ್ಲಿ ನನ್ನ ಇಡೀ ಬದುಕು! ನಾನು ನಿಜಕ್ಕೂ ಹೆದರಿದ್ದೆ.

ತಾರಸಿಯಿಂದ ನಗು ಕೇಳಿಸಿತು. ಹತ್ತಿ ನೋಡಿದರೆ, ಶೀಟಿನ ನೆರಳಲ್ಲಿ ಅಮ್ಮ ಮತ್ತು ಅವಳು ಹಲಸಿನ ಹಪ್ಪಳ ಒತ್ತುತ್ತಿದ್ದರು. ಬೆಳಗ್ಗೆ ಶುರು ಮಾಡಿ, ನಾವು ಬರುತ್ತೇವೆಂದು ಅರ್ಧಕ್ಕೆ ಬಿಟ್ಟ ಹಿಟ್ಟು. ಅವಳು ಒತ್ತಿದ ಹಪ್ಪಳ ಒಂದೂ ದುಂಡಗಿರಲಿಲ್ಲ. ಅಮ್ಮನ ಕಣ್ಣು ತಪ್ಪಿಸಿ ಹಸಿ ಹಿಟ್ಟಿನ ಉಂಡೆಯನ್ನು ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದಿದ್ದಳು.

"ಇವನೂ ಸಣ್ಣದಿರುವಾಗ ಹೀಗೆಯೇ. ಹಪ್ಪಳಕ್ಕಿಂತ ಹಿಟ್ಟೇ ಜಾಸ್ತಿ ತಿಂತಿದ್ದ" ಎಂದಳು ಅಮ್ಮ. ಆಮೇಲೆ ಇನ್ನೊಂದು ಉಂಡೆ ಮಾಡಿ ತಾನೇ ಅವಳ ಬಾಯಿಗೆ ಹಾಕಿದಳು. "ನಿನ್ನ ಅಮ್ಮ ಇದ್ದಿದ್ರೆ ಕಲಿಸ್ತಿದ್ದಳು" ಎಂದು ಅಮ್ಮ ಹೇಳಿದ್ದೇ, ಅವಳು ಮುಖ ಆಚೆ ತಿರುಗಿಸಿ ಹಪ್ಪಳ ಒತ್ತುವ ಮಣೆಯನ್ನು ಸುಮ್ಮಸುಮ್ಮನೆ ಒರೆಸತೊಡಗಿದಳು. 'ನೀವು' ಹೋಗಿ 'ನೀನು' ಯಾವಾಗ ಬಂತೋ ನಾನು ಗಮನಿಸಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅವಳ ಫೋನ್ ಹೊಡೆದುಕೊಂಡಿತು. ಅಜ್ಜಿ. ಅವಳ ಎರಡೂ ಕೈಗೆ ಎಣ್ಣೆ, ಹಿಟ್ಟು. ನಾನು ಕೈ ಚಾಚುವಷ್ಟರಲ್ಲಿ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿ, ನೀರಿನ ಟ್ಯಾಂಕಿನ ಆಚೆಗೆ ನಡೆದಳು. ತುಳುವಿನಲ್ಲಿ ಮಾತು. ಬಸ್ಸುಗಳ ಗದ್ದಲದಲ್ಲಿ ಒಂದು ಶಬ್ದವೂ ಕೇಳಲಿಲ್ಲ. ಕಂಡದ್ದು ಅಮ್ಮನ ಬೆನ್ನು ಮಾತ್ರ. ನಡುವೆ ಒಮ್ಮೆ ಅಮ್ಮ ಟ್ಯಾಂಕಿಗೆ ಕೈ ಊರಿ ತಲೆ ತಗ್ಗಿಸಿದಳು.

"ಎಂತ ಹೇಳಿದ್ರು?" ಬಂದ ಕೂಡಲೇ ಕೇಳಿದೆ.

"ಬೇರೆ ಬೇರೆ" ಎಂದಳು ಅಮ್ಮ. "ಆ ಹಪ್ಪಳದ ಚಾಪೆ ಇತ್ತ ಎಳಿ, ನೆರಳು ಬಂತು."

ಚಾಪೆ ಎಳೆಯುವ ಭರದಲ್ಲಿ ಅರ್ಧದಷ್ಟು ಹಪ್ಪಳ ಮಡಚಿಹಾಕಿದೆ. ಬೈಗುಳ ತಿಂದರೂ ಹಿತವಾಯಿತು.

ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿರುವಾಗ ಅವಳ ಫೋನ್ ಬಂತು. ಬೆಳಗ್ಗೆ ಅಜ್ಜಿ ಏನೋ ಕೆಲಸಕ್ಕೆ ಬೆಳ್ತಂಗಡಿಗೆ ಬಂದವರು ಬ್ಯಾಂಕಿಗೂ ಬಂದಿದ್ದರಂತೆ.

"ನಿಮ್ಮ ಅಮ್ಮ ಯಾವ ಬಳಿ ಅಂತ ಕೇಳಲೇ ಇಲ್ಲವಂತೆ" ಎಂದಳು.

ಅಮ್ಮ ಕೇಳಿದ್ದು ಅಜ್ಜಿಯ ಮೊಣಕಾಲು ನೋವು, ದನ ಎಷ್ಟು ಹಾಲು ಕೊಡುತ್ತದೆ, ಕಾಡಿನ ಆನೆ ಆ ಕಡೆ ಬಂತಾ ಎಂದು. ಕೊನೆಗೆ ಅಜ್ಜಿಯೇ ಅನುಮಾನದಿಂದ ಬಳಿಯ ಮಾತೆತ್ತಿದಾಗ, "ನೀವು ಹೇಳಬೇಡಿ. ನಾನು ಕೇಳುದಿಲ್ಲ" ಎಂದಳಂತೆ. ಅಜ್ಜಿ ರಸ್ತೆಯ ಬದಿಯಲ್ಲಿ, ಹಾಲಿನ ಕ್ಯಾನ್ ಕೆಳಗಿಟ್ಟು ಅತ್ತರಂತೆ.

"ಈಗ ನನಗಾದ್ರೂ ಹೇಳಿ ಅಂದೆ" ಎಂದಳು ಅವಳು. "'ನಿನ್ನ ಅಮ್ಮನ ಹತ್ತಿರ ನಾನು ಹುಡುಗ ಯಾವ ಜಾತಿ, ಯಾವ ಊರು ಎಲ್ಲ ಕೇಳಿದ್ದೆ. ಕೇಳಿಯೇ ಅವಳನ್ನು ಕಳಕೊಂಡೆ' ಅಂದ್ರು. ಮತ್ತೆ ಬಾಯಿ ಬಿಡಲಿಲ್ಲ."

ನಮ್ಮ ಮದುವೆಯಾಯಿತು. ಅಜ್ಜಿ ಈಗಿಲ್ಲ. ಅಮ್ಮನ ಹತ್ತಿರ ಆ ಸಂಜೆಯ ಮಾತು ತೆಗೆಯಲು ಸಿಟ್ಟಿನ ಮನುಷ್ಯನಾದ ನನಗೂ ಧೈರ್ಯ ಬಂದಿಲ್ಲ. ನೆಂಟರು ಸೊಸೆಯದ್ದು ಯಾವ ಬಳಿ ಎಂದು ಕೇಳಿದಾಗಲೆಲ್ಲ ಅಮ್ಮ ತಾನೇ ಮುಂದೆ ಬಿದ್ದು ಉತ್ತರ ಕೊಡುತ್ತಾಳೆ. ಒಂದು ಮದುವೆಯಲ್ಲಿ ಹೇಳಿದ ಹೆಸರು ಇನ್ನೊಂದರಲ್ಲಿ ಇರುವುದಿಲ್ಲ. ಅಪ್ಪ ಕೆಮ್ಮುತ್ತಾರೆ.

ಕಳೆದ ತಿಂಗಳು ಒಂದು ಗೃಹಪ್ರವೇಶದಲ್ಲಿ ನಮ್ಮ ಪುಟ್ಟ ಮಗಳು ಅಮ್ಮನ ತೊಡೆಯ ಮೇಲಿದ್ದಳು. ದೂರದ ಸಂಬಂಧದ ಹಿರಿಯರೊಬ್ಬರು ಮಗುವಿನ ಗಲ್ಲ ಮುಟ್ಟಿ, "ಇವಳದ್ದು ಯಾವ ಬಳಿ?" ಎಂದರು. ನಮ್ಮ ಕ್ರಮದಲ್ಲಿ ಮಗನ ಮಗಳಿಗೆ ಸಿಗುವುದು ಅವಳ ತಾಯಿಯ ಬಳಿ, ಅಪ್ಪನ ಅಮ್ಮನದು ಬರುವುದಿಲ್ಲ. ಬರಬೇಕಾದರೆ ನಾನೂ ನನ್ನ ಹೆಂಡತಿಯೂ ಒಂದೇ ಬಳಿಯ ಅಣ್ಣ-ತಂಗಿಯಾಗಿರಬೇಕು. ಅಮ್ಮನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

"ನನ್ನದು" ಎಂದಳು ಅಮ್ಮ, ಮಗುವಿನ ಬಾಯಿ ಒರೆಸುತ್ತ.